ಮಸಿ ಹಚ್ಚದ ಗರಿ

“ಬುದ್ಧಿ, ಆ ಕಟ್ಟನ್ನು ಬರೆದವರು ಯಾರು?”

ಕೇಳಿದವನು ತೋಂಟಯ್ಯ. ಮಠಕ್ಕೆ ಬಂದು ಆರು ವರ್ಷವಾಗಿತ್ತು. ಮರುದಿನ ಬೆಳಿಗ್ಗೆ ಅವನು ಕೋಟೆಯ ಊರಿಗೆ ಹೊರಡುವವನಿದ್ದ. ಅಲ್ಲಿಯ ಗ್ರಂಥಭಂಡಾರದಲ್ಲಿ ತಾಳೆಗರಿಯ ಒಂದು ಕಟ್ಟು ಇದೆ. ಅದರ ಲಿಪಿ ಯಾರಿಗೂ ತಿಳಿಯದು. ಗುಡ್ಡದ ಮಠದವರು ಅದನ್ನು ತಮ್ಮ ಸಿದ್ಧರು ಬರೆದರು ಎನ್ನುತ್ತಾರೆ. ಕೋಟೆಯವರು ತಮ್ಮ ರಾಜವಂಶದ ಗುಪ್ತಲಿಪಿ ಎನ್ನುತ್ತಾರೆ. ಕಡಲ ದಂಡೆಯ ವರ್ತಕರು ತಮ್ಮ ಹಿರಿಯರು ದ್ವೀಪದಿಂದ ತಂದದ್ದು ಎನ್ನುತ್ತಾರೆ. ಈ ಜಗಳ ತೀರಿಸಲು ಮೂವತ್ತು ವರ್ಷಗಳ ಮೇಲೆ ಮತ್ತೊಮ್ಮೆ ಸಭೆ ಕೂಡಿಸಿದ್ದರು.

“ನಿನಗೇನು ಅನ್ನಿಸುತ್ತದೆ?” ಎಂದರು ಗುರುಗಳು.

ತೋಂಟಯ್ಯ ಈ ಮಾತಿಗೇ ಕಾದಿದ್ದ. “ಹಳೆಯ ಪಂಡಿತರ ವ್ಯಾಖ್ಯಾನ ನನಗೆ ಬಾಯಿಪಾಠ, ಬುದ್ಧಿ. ಅವರು ಬಿಟ್ಟುಹೋದ ಅಕ್ಷರಗಳಲ್ಲಿ ಎಂಟನ್ನು ನಾನು ಬಿಡಿಸಿದ್ದೇನೆ. ನಾಳೆ ಸಭೆಯಲ್ಲಿ ಹೇಳುತ್ತೇನೆ. ಬರೆದವರು ಸಿದ್ಧರೇ ಎಂದು ತಾವೂ ಒಪ್ಪಿಬಿಟ್ಟರೆ ನನಗೆ ಆನೆಬಲ.”

“ಎಂಟೇ? ಆ ಪಂಡಿತ ಊಟಕ್ಕೆ ಕೂತು ಕೈ ತೊಳೆಯುವಷ್ಟರಲ್ಲಿ ಎಂಟು ಬಿಡಿಸುತ್ತಿದ್ದ.”

“ಅವರ ಮಾತು ಬೇರೆ. ಕೊನೆಗೆ ಅವರು ಆ ಕಟ್ಟಿನಲ್ಲೇ ಲೀನವಾದರಂತೆ.”

“ಲೀನವಾದನೆ!” ಗುರುಗಳು ನಕ್ಕರು. “ಅಷ್ಟು ಸಲೀಸಾಗಿ ಬಿಡುತ್ತಾರೆಯೇ? ಕೂತುಕೋ. ಅವನ ಕತೆ ಹೇಳುತ್ತೇನೆ. ಇದರಲ್ಲಿ ಬಡಾಯಿ ಇದೆ. ಬಡಾಯಿ ಎಲ್ಲಿ ಮುಗಿಯಿತು ಎಂದು ನೀನೇ ನೋಡಿಕೊಳ್ಳಬೇಕು.”

ತೋಂಟಯ್ಯ ಕಾಲು ಮಡಿಸಿ ಕೂತ. ಗುರುಗಳು ಹೇಳಿದ ಕತೆ ಇದು.

ಕೋಟೆಯ ಊರಿನಲ್ಲಿ ಒಬ್ಬ ಪಂಡಿತನಿದ್ದ. ಅಂಥವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಅವನು ಓದದ ಲಿಪಿ ಇರಲಿಲ್ಲ. ದಾರಿಯಲ್ಲಿ ಇರುವೆಗಳ ಸಾಲು ಕಂಡರೆ ನಿಂತು ಓದುತ್ತಿದ್ದ. ಒಮ್ಮೆ ಒಂದು ಇರುವೆ ಸಾಲು ಬಿಟ್ಟು ನಡೆಯಿತು. ವ್ಯಾಕರಣ ದೋಷವೆಂದು ಕಡ್ಡಿಯಲ್ಲಿ ಅದನ್ನು ಸಾಲಿಗೆ ಸೇರಿಸಿ ಮುಂದೆ ಹೋದ. ಮನೆಯಲ್ಲಿ ದೋಸೆ ಹಾಕಿದರೆ ತೂತುಗಳನ್ನು ಎಣಿಸಿ ಛಂದಸ್ಸು ಹಿಡಿಯುತ್ತಿದ್ದ. ಛಂದಸ್ಸು ಸಿಕ್ಕುವಷ್ಟರಲ್ಲಿ ದೋಸೆ ಆರಿರುತ್ತಿತ್ತು. ಹೀಗೆ ವಿದ್ಯೆಗಾಗಿ ಅವನು ಬಹಳ ತಣ್ಣನೆಯ ದೋಸೆ ತಿಂದಿದ್ದಾನೆ.

ಆ ಊರಿನ ಭಂಡಾರದಲ್ಲಿ ವರ್ಷಕ್ಕೊಮ್ಮೆ ಗರಿಗಳನ್ನು ಹೊರಗೆ ತೆಗೆಯುತ್ತಿದ್ದರು. ದೂಳು ಕೊಡವಿ, ಎಣ್ಣೆ ಸವರಿ, ಅಕ್ಷರ ಮಾಸಿದ ಕಡೆ ಮತ್ತೆ ಮಸಿ ಹಚ್ಚುತ್ತಿದ್ದರು. ಒಂದು ವರ್ಷ ಆ ಕೆಲಸಕ್ಕಿದ್ದ ಮುದುಕನಿಗೆ ಕಣ್ಣು ಮಂಜಾಗಿತ್ತು. ಒಂದು ಮೂಲೆಯಲ್ಲಿ ಖಾಲಿ ಗರಿಗಳ ಕಟ್ಟು ಇತ್ತು. ಮುಂದೆ ಬರೆಯಲು ಬೇಕಾದೀತೆಂದು ಯಾರೋ ತೂತು ಹಾಕಿ, ದಾರ ಪೋಣಿಸಿ ಇಟ್ಟದ್ದು. ಮುದುಕ ಅದಕ್ಕೂ ಮಸಿ ಹಚ್ಚಿ ಒರೆಸಿಬಿಟ್ಟ.

ಖಾಲಿ ಗರಿಯಲ್ಲಿ ಅಕ್ಷರ ಎದ್ದವು.

ಗರಿಯ ಮೇಲೆ ಬರೆಯುವುದು ಹೇಗೆ ಎಂದು ನಿನಗೆ ಗೊತ್ತು, ತೋಂಟಯ್ಯ. ಕಬ್ಬಿಣದ ಕಂಟದಿಂದ ಗೀರುತ್ತೇವೆ. ಗೀರಿದ್ದು ಕಣ್ಣಿಗೆ ಕಾಣುವುದಿಲ್ಲ. ದೀಪದ ಮಸಿಗೆ ಗರಗದ ಸೊಪ್ಪಿನ ರಸ ಕಲಸಿ ಹಚ್ಚಿ ಒರೆಸಿದ ಮೇಲೆ ಗೀರಿನಲ್ಲಿ ಮಸಿ ನಿಲ್ಲುತ್ತದೆ. ಆಮೇಲೆ ಓದುತ್ತೇವೆ. ಇಡೀ ಗ್ರಂಥ ಬರೆದು ಮಸಿ ಹಚ್ಚದೆ ಬಿಟ್ಟವನು ಯಾರು? ಯಾರೂ ಓದಬಾರದೆಂದು ಬಿಟ್ಟವನು. ಓದಬಾರದು ಎಂದ ಮೇಲೆ ಓದದೆ ಇರುವುದು ಹೇಗೆ? ಮೂರು ಕಡೆಯವರು ಓಡಿಬಂದರು. ಮೂವರೂ ತಮ್ಮದು ಎಂದರು. ಓದಿಕೊಡು ಎಂದು ಪಂಡಿತನ ಮುಂದೆ ಇಟ್ಟರು.

ಅವನು ಹನ್ನೊಂದು ವರ್ಷ ಓದಿದ. ಕಟ್ಟಿನಲ್ಲಿ ಮೂರು ಗುರುತುಗಳು ಮತ್ತೆ ಮತ್ತೆ ಬರುತ್ತಿದ್ದವು. ಒಂದು ಸುತ್ತು, ಒಂದು ಕೊಕ್ಕೆ, ಒಂದು ಬಾಗು. ಅವುಗಳ ಒಂದೊಂದು ಓರೆಕೋರೆಯನ್ನೂ ಬೇರೆ ಬೇರೆ ಅಕ್ಷರವೆಂದು ಎಣಿಸಿದ. ಸುತ್ತು ಎಂದರೆ ಬಯಲು ಎಂದ. ಕೊಕ್ಕೆ ಎಂದರೆ ಮಾಯೆ. ಬಾಗು ಎಂದರೆ ಜೀವ. ಕೆಲವು ಗರಿಗಳಲ್ಲಿ ಮೂರನೆಯ ಗುರುತಿನ ತುದಿಯಿಂದ ಗರಿ ಉದ್ದಕ್ಕೆ ಹರಿದಿತ್ತು. ಆ ಹರುಕಿಗೆ ಅವನು ಬರೆದ ವ್ಯಾಖ್ಯಾನ ಇದೆಯಲ್ಲ…

ತೋಂಟಯ್ಯನ ಬಾಯಿ ತಾನಾಗಿ ತೆರೆಯಿತು. “ಜೀವ ಬಯಲನ್ನು ಸೇರುವ ಗಳಿಗೆಯಲ್ಲಿ ಬರಹ ನಿಲ್ಲುವುದಿಲ್ಲ, ಹರಿಯುತ್ತದೆ.”

“ಅದೇ,” ಎಂದರು ಗುರುಗಳು. “ಅದನ್ನು ಕೇಳಿ ಜನ ಅಳುತ್ತಿದ್ದರು. ಪಂಡಿತ ಕೂಡ ಅಳುತ್ತಿದ್ದ. ತಾನು ಬರೆದದ್ದಕ್ಕೆ ತಾನೇ ಅಳುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ.”

ಆ ವ್ಯಾಖ್ಯಾನವನ್ನು ಸಾಗಿಸಲು ಎರಡು ಎತ್ತು ಬೇಕಾಗುತ್ತಿದ್ದವು. ಮೂರನೆಯದೊಂದು ಬರಿಬೆನ್ನಿನಲ್ಲಿ ಗೌರವಕ್ಕೆಂದು ಜೊತೆಗೆ ನಡೆಯುತ್ತಿತ್ತು.

ಇಷ್ಟು ಬರೆಯಲು ಪಂಡಿತನಿಗೆ ಕಂಟ ಮಾಡಿಕೊಡುತ್ತಿದ್ದವನು ಊರಿನ ಒಬ್ಬ ಆಚಾರಿ. ಭಂಡಾರಕ್ಕೂ ಅವನದೇ ಕಂಟ. ಓದುಬರಹ ಬಾರದ ಕಮ್ಮಾರ. ಅವನ ಕಂಟ ಹಿಡಿದವರು ಬೇರೆಯವರದನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ಹೊಸ ಕಂಟ ಕೊಡಲು ಪಂಡಿತನ ಮನೆಗೆ ಬಂದ. ಕಟ್ಟು ಪೀಠದ ಮೇಲೆ ಬಿಚ್ಚಿತ್ತು. ಮೇಲೆ ಮಲ್ಲಿಗೆ ಹೂವಿತ್ತು. ಆಚಾರಿ ಬಗ್ಗಿ ನೋಡಿದ. ಉಳಿದಿದ್ದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕ.

“ಅಯ್ಯನವರೆ, ನನ್ನ ಗರಿಗೆ ಹೂವು ಯಾಕೆ ಏರಿಸಿದ್ದೀರಿ?”

“ನಿನ್ನ ಗರಿಯೆ?”

“ಮತ್ತೆ? ಕಂಟ ಕಾಸಿ ತಟ್ಟಿದ ಮೇಲೆ ಮೊನೆ ನೋಡಬೇಡವೆ? ಮೊದಲು ಬಳೆ ಗೀರುತ್ತೇನೆ. ಆಮೇಲೆ ಗಾಳ. ಆಮೇಲೆ ಕುಡುಗೋಲು. ಮೂರೂ ತೊಡಕಿಲ್ಲದೆ ಬಂದರೆ ಕಂಟ ಸರಿ. ಮೊನೆಗೆ ಪೆಟ್ಟಾಗದಿರಲಿ ಎಂದು ಆ ಗರಿಗಳ ನಡುವೆಯೇ ಕಂಟ ಇಟ್ಟು ಕಟ್ಟಿ ಭಂಡಾರಕ್ಕೆ ಕೊಡುತ್ತಿದ್ದೆ. ಯಾರೋ ಪುಣ್ಯಾತ್ಮರು ಒಂದನ್ನೂ ಎಸೆಯದೆ ಪೋಣಿಸಿದ್ದಾರೆ, ನೋಡಿ!”

ಪಂಡಿತ ಹರಿದ ಗರಿಯ ಮೇಲೆ ಬೆರಳಿಟ್ಟ. “ಮತ್ತೆ ಇದು?”

“ಅದಾ? ಅಲ್ಲಿ ಮೊನೆ ಅತಿ ಚೂಪಾಗಿತ್ತು. ಗರಿ ಹರಿದುಹೋಯಿತು. ಆ ಕಂಟವನ್ನು ಮತ್ತೆ ಕುಲುಮೆಗೆ ಹಾಕಿದೆ.”

ಪಂಡಿತನಿಗೆ ಅನುಮಾನ ಬಂದಿದ್ದರೆ ಒಳ್ಳೆಯದಿತ್ತು. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಗಳಿಗೆಯಾದರೂ ಅನ್ನಿಸಿದ್ದರೆ ಮುಂದಿನದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಅನ್ನಿಸಲಿಲ್ಲ. ಹನ್ನೊಂದು ವರ್ಷಗಳಲ್ಲಿ ಆ ಕಟ್ಟಿಗೆ ಅವನು ಕೇಳಿದ ಒಂದೇ ಒಂದು ನೇರವಾದ ವ್ಯಾಖ್ಯಾನ ಅದು. ಅವನ ಕಿವಿ ಬಿಸಿಯಾದವು.

“ಆಚಾರಿ, ಈ ಮಾತು ಇಲ್ಲೇ ಇರಲಿ,” ಎಂದ.

“ನಾನೇನು ಡಂಗುರ ಹೊಡೆಯುತ್ತೇನೆಯೆ, ಅಯ್ಯನವರೆ?” ಎಂದು ಆಚಾರಿ ಹೊರಟ.

ಅವನು ಡಂಗುರ ಹೊಡೆಯಲಿಲ್ಲ. ಸಂತೋಷ ತಡೆಯದೆ ಹೆಂಡತಿಗೆ ಹೇಳಿದ. ಅವಳು ನಂಬಲಿಲ್ಲ. ತನ್ನ ಗಂಡ ಎಂಥ ಬಡಾಯಿ ಕೊಚ್ಚುತ್ತಾನೆ ನೋಡಿ ಎಂದು ಬಾವಿಕಟ್ಟೆಯಲ್ಲಿ ನಗುತ್ತಾ ಹೇಳಿದಳು. ಅಲ್ಲಿಂದ ಮಾತು ನೀರಿನ ಕೊಡದ ಜೊತೆ ಮನೆಮನೆಗೆ ಹೋಯಿತು.

ಸಭೆಯ ದಿನ ಬಂತು. ಗುಡ್ಡದವರು ಒಂದು ಕಡೆ, ಕೋಟೆಯವರು ಒಂದು ಕಡೆ, ಕಡಲಿನವರು ಒಂದು ಕಡೆ ಕೂತರು. ನಡುವೆ ಪಂಡಿತ. ಅವನು ಯಾರದೆಂದು ಹೇಳುತ್ತಾನೋ ಕಟ್ಟು ಅವರಿಗೆ. ಅವನು ಬಾಯಿ ತೆರೆಯುವ ಮೊದಲೇ ಕಡಲಿನವರಲ್ಲಿ ಒಬ್ಬ ಎದ್ದ.

“ಇದನ್ನು ಬರೆದವನು ತಾನೇ ಎಂದು ನಿಮ್ಮೂರಿನ ಒಬ್ಬ ಆಚಾರಿ ಹೇಳುತ್ತಾನಂತಲ್ಲ. ಕರೆಸಿ. ಕವಿದರ್ಶನವಾಗಲಿ.”

ಆಚಾರಿಯನ್ನು ಕುಲುಮೆಯಿಂದ ಎಬ್ಬಿಸಿಕೊಂಡು ಬಂದರು. ಕೈ ತೊಳೆದುಕೊಂಡು ಬಂದಿದ್ದ. ಸಭೆ ನೋಡಿ ಅಂಜಿದ. ಪಂಡಿತನ ಮುಖ ಕಂಡು ಧೈರ್ಯ ತಂದುಕೊಂಡ. ಅಲ್ಲಿ ಅವನು ನಂಬಿದ್ದ ಮುಖ ಅದೊಂದೇ.

“ಹೌದು, ನನ್ನವೇ ಗರಿಗಳು,” ಎಂದ. “ಬರೆದೆ ಎನ್ನಬೇಡಿ. ಮೊನೆ ನೋಡಿದೆ. ಒಂದು ಖಾಲಿ ಗರಿ ಕೊಡಿ, ಈಗಲೇ ತೋರಿಸುತ್ತೇನೆ.”

ಗರಿ ಕೊಟ್ಟರು. ಅವನು ಸೊಂಟದಿಂದ ಕಂಟ ತೆಗೆದ. ಒಂದು ಬಳೆ, ಒಂದು ಗಾಳ, ಒಂದು ಕುಡುಗೋಲು ಗೀರಿದ. ಗೀರಿ ಪಂಡಿತನ ಕೈಗೆ ಕೊಟ್ಟ. ಮಸಿಯ ಬಟ್ಟಲು ಪಂಡಿತನ ಬಲ ಮೊಣಕಾಲಿನ ಪಕ್ಕದಲ್ಲೇ ಇತ್ತು. ಹಚ್ಚಿ ಒರೆಸಿದ್ದರೆ ಎರಡು ಉಸಿರಿನ ಕೆಲಸ.

ಪಂಡಿತ ಗರಿಯನ್ನು ಹಾಗೆಯೇ ಮೇಲೆ ಎತ್ತಿದ. ಸಭೆಗೆ ತೋರಿಸಿದ.

“ನೋಡಿ. ಇದರಲ್ಲಿ ಏನಾದರೂ ಇದೆಯೆ?”

“ಇಲ್ಲ!” ಎಂದಿತು ಸಭೆ.

ತೋಂಟಯ್ಯ, ಆ ಸಭೆಯಲ್ಲಿ ಗರಿ ಬರೆಯದವನು ಒಬ್ಬನೂ ಇರಲಿಲ್ಲ. ಮಸಿ ಹಚ್ಚದೆ ಅಕ್ಷರ ಕಾಣದೆಂದು ಭಂಡಾರದ ಬೆಕ್ಕಿಗೂ ಗೊತ್ತಿತ್ತು. ಯಾರೂ ಮಸಿ ಹಚ್ಚಿ ಎನ್ನಲಿಲ್ಲ. ಕಟ್ಟು ಆಚಾರಿಯದೆಂದಾದರೆ ಮೂವರಲ್ಲಿ ಯಾರದೂ ಅಲ್ಲ. ಹನ್ನೊಂದು ವರ್ಷ ಒಂದು ಮಾತಿಗೂ ಒಪ್ಪದಿದ್ದ ಮೂರು ಪಂಗಡಗಳು ಅಂದು ಒಟ್ಟಾಗಿ ನಕ್ಕವು. ಛಾವಣಿಯ ಪಾರಿವಾಳಗಳು ಹೆದರಿ ಹಾರಿದವು. ಮೂರು ದಿನ ತಿರುಗಿ ಬರಲಿಲ್ಲ.

ಗರಿ ಇನ್ನೂ ಪಂಡಿತನ ಕೈಯಲ್ಲಿತ್ತು. ಅವನ ಹೆಬ್ಬೆರಳಿನ ಕೆಳಗೆ ಬಳೆ ಇತ್ತು. ಬೆರಳು ಸ್ವಲ್ಪ ಸರಿಯಿತು. ಗಾಳ. ಮತ್ತೂ ಸರಿಯಿತು. ಕುಡುಗೋಲು. ಅಷ್ಟು ನುಣುಪಾದ ಗೀರನ್ನು ಅವನು ಯಾವ ಗ್ರಂಥದಲ್ಲೂ ಮುಟ್ಟಿರಲಿಲ್ಲ.

ಆಚಾರಿ ಮಸಿಯ ಬಟ್ಟಲನ್ನು ನೋಡಿದ. ಪಂಡಿತನನ್ನು ನೋಡಿದ. “ಅಯ್ಯನವರೆ, ಮಸಿ…” ಎಂದ.

ಪಂಡಿತ ತನ್ನ ಶಾಲಿನ ಸೆರಗನ್ನು ಬಟ್ಟಲಿನ ಮೇಲೆ ಇಳಿಬಿಟ್ಟ.

“ಮಸಿ ಇರುವುದು ಗ್ರಂಥಕ್ಕೆ, ಆಚಾರಿ. ಗೀಚಿದ್ದಕ್ಕಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಪಂಡಿತನಿಗೆ ಇನ್ನೊಂದು ಶಾಲು ಹೊದಿಸಿದರು. ಕಟ್ಟು ಯಾರದೆಂದು ಅಂದೂ ತೀರ್ಮಾನವಾಗಲಿಲ್ಲ. ಆಚಾರಿಯದಲ್ಲ ಎಂಬುದಷ್ಟೇ ತೀರ್ಮಾನವಾಯಿತು.

ಮರುದಿನದಿಂದ ಊರು ಆಚಾರಿಗೆ ಹೊಸ ಹೆಸರು ಕೊಟ್ಟಿತು. “ಏನು ಗ್ರಂಥದಾಚಾರಿ, ಇವತ್ತು ಯಾವ ಪುರಾಣ?” ಎಂದು ಗುದ್ದಲಿ ತಟ್ಟಿಸಲು ಬಂದವರು ಕೇಳುತ್ತಿದ್ದರು. “ಈ ಕುಡುಗೋಲಿನ ಮೇಲೆ ಎರಡು ಸಾಲು ಬರೆದುಕೊಡಪ್ಪ, ಹುಲ್ಲು ಓದಿಕೊಂಡು ಕೊಯ್ಸಿಕೊಳ್ಳಲಿ,” ಎನ್ನುತ್ತಿದ್ದರು. ಅವನು ಮೊದಮೊದಲು ಉತ್ತರ ಕೊಡುತ್ತಿದ್ದ. ಮಸಿ ಹಚ್ಚಲಿಲ್ಲ, ಅದಕ್ಕೆ ಕಾಣಲಿಲ್ಲ ಎನ್ನುತ್ತಿದ್ದ. ಅದಕ್ಕೆ ಇನ್ನೂ ನಗುತ್ತಿದ್ದರು. ಆಮೇಲೆ ಉತ್ತರ ನಿಲ್ಲಿಸಿದ. ಕಂಟ ಮಾಡುವುದನ್ನೂ ನಿಲ್ಲಿಸಿದ. ಒಂದು ಬೆಳಿಗ್ಗೆ ಅಡೆಗಲ್ಲು, ಗಾಳಿಯೂದುವ ತಿದಿ, ಸುತ್ತಿಗೆಗಳನ್ನು ಗಾಡಿಗೆ ಏರಿಸಿ, ಹೆಂಡತಿಯನ್ನು ಕೂರಿಸಿಕೊಂಡು ಊರು ಬಿಟ್ಟ. ಗಾಡಿ ಪಂಡಿತನ ಮನೆಯ ಮುಂದೆಯೇ ಹೋಯಿತು. ಪಂಡಿತ ಜಗಲಿಯಲ್ಲಿದ್ದ. ಎದ್ದು ಕಂಬದ ಹಿಂದೆ ನಿಂತ. ಕಂಬ ಸಣ್ಣದು, ಪಂಡಿತ ದಪ್ಪ. ಆಚಾರಿ ನೋಡಿದ್ದರೆ ಕಾಣುತ್ತಿತ್ತು. ಆಚಾರಿ ನೋಡಲಿಲ್ಲ.

ಪಂಡಿತ ಬರೆಯಲು ಕೂತ. ಕಂಟ ಆಚಾರಿಯದೇ. ಮೊದಲ ಅಕ್ಷರ ಬರೆದ. ಅದು ಬಳೆಯಿಂದ ಶುರುವಾಯಿತು. ಎರಡನೆಯದು ಬರೆದ. ಗಾಳದಲ್ಲಿ ಮುಗಿಯಿತು. ನಮ್ಮ ಕನ್ನಡದ ಅಕ್ಷರಗಳನ್ನು ನೋಡು, ತೋಂಟಯ್ಯ. ಬಳೆ, ಗಾಳ, ಕುಡುಗೋಲು ಬಿಟ್ಟರೆ ಅವುಗಳಲ್ಲಿ ಇನ್ನೇನಿದೆ? ಏನು ಬರೆದರೂ ಆಚಾರಿಯ ಮೊನೆ ನೋಡಿದಂತೆಯೇ ಆಗುತ್ತಿತ್ತು. ಅವನಿಗೆ ಓದಲೂ ಆಗಲಿಲ್ಲ. ಇರುವೆಗಳ ಸಾಲು ಕಂಡರೆ ದಾಟಿ ಹೋಗತೊಡಗಿದ. ದೋಸೆಯನ್ನು ಬಿಸಿಬಿಸಿಯಾಗಿ ತಿಂದ. ರುಚಿ ತಿಳಿಯಲಿಲ್ಲ.

ಕೊನೆಗೆ ಶಾಲುಗಳನ್ನು ಬಿಟ್ಟು, ಸಭೆಯ ಆ ಒಂದು ಗರಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಆಚಾರಿಯನ್ನು ಹುಡುಕಿ ಹೊರಟ. ಅವನು ಕಟ್ಟಿನಲ್ಲಿ ಲೀನವಾದ ಎಂದು ಊರಿನವರು ಹೇಳಿಕೊಂಡರು. ಅವನು ಆಗ ಪಕ್ಕದ ಊರಿನಲ್ಲಿ ಅಂಗಾಲಿನ ಮುಳ್ಳು ತೆಗೆಯುತ್ತಿದ್ದ.

ನಾಲ್ಕು ವರ್ಷ ಹುಡುಕಿದ. ಹೋದಲ್ಲೆಲ್ಲ ಕುಲುಮೆ ಕೇಳಿದ. ಒಂದು ಹಳ್ಳಿಯಲ್ಲಿ ಮನೆ ಸಿಕ್ಕಿತು. ತಿದಿ ಗೋಡೆಗೆ ಒರಗಿತ್ತು. ಕುಲುಮೆಯಲ್ಲಿ ಬೂದಿಯೂ ಇರಲಿಲ್ಲ. ಆಚಾರಿಯ ಹೆಂಡತಿ ಹೊರಗೆ ಬಂದಳು. ಶಾಲಿಲ್ಲದೆ ನಾಲ್ಕು ವರ್ಷ ಅಲೆದು ಸೊರಗಿದ ಪಂಡಿತನ ಗುರುತು ಅವಳಿಗೆ ಸಿಗಲಿಲ್ಲ.

“ಯಾರು ಬೇಕಿತ್ತು, ಸ್ವಾಮಿ?”

ಪಂಡಿತ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಲಿತುಕೊಂಡು ಬಂದಿದ್ದ. ಅದು ಬರಲಿಲ್ಲ. “ಒಂದು ಕಂಟ ಬೇಕಾಗಿತ್ತು, ತಾಯಿ,” ಎಂದ.

“ಅವರು ಹೋಗಿ ಎರಡು ತಿಂಗಳಾಯಿತು. ಇದ್ದಾಗಲೂ ಕಂಟ ಮಾಡುವುದನ್ನು ಬಿಟ್ಟಿದ್ದರು.” ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹಾಗಾದರೆ ನೀವು ಗರಿ ಬರೆಯುವವರು. ಒಂದು ಮಾತು ಕೇಳಲೆ? ನಾನು ಓದಿದವಳಲ್ಲ, ನಗಬೇಡಿ. ಗರಿಯ ಮೇಲೆ ಬರೆದದ್ದು ಮಸಿ ಹಚ್ಚದಿದ್ದರೆ ಕಾಣುವುದಿಲ್ಲವೆ?”

“ಕಾಣುವುದಿಲ್ಲ, ತಾಯಿ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅವರೂ ಹಾಗೆಯೇ ಹೇಳುತ್ತಿದ್ದರು,” ಎಂದಳು. “ಸಾಯುವವರೆಗೂ ಹೇಳಿದರು. ಅಷ್ಟು ಜನ ಓದಿದವರು ಇಲ್ಲ ಎಂದ ಮೇಲೆ ನಿಮ್ಮದೊಂದು ಯಾವ ಲೆಕ್ಕ ಎಂದು ನಾನೇ ಬಾಯಿ ಮುಚ್ಚಿಸುತ್ತಿದ್ದೆ.”

ಆ ಪಂಡಿತನಿಗೆ ಬಾರದ ಲಿಪಿ ಇರಲಿಲ್ಲ ಎಂದೆನಲ್ಲ. ಅಂದು ‘ನಾನೇ’ ಎಂಬ ಎರಡು ಅಕ್ಷರ ಹೇಳಿದ್ದರೆ ಸಾಕಾಗಿತ್ತು. ಅವೆರಡು ಅವನ ಬಾಯಿಗೆ ಬರಲಿಲ್ಲ. ಅವಳು ನೀರು ಕೊಟ್ಟಳು. ಕುಡಿದ. ಬರುತ್ತೇನೆ ಎಂದು ಹೇಳಿ ಹೊರಟ. ಮತ್ತೆ ಹೋಗಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ತೋಂಟಯ್ಯ ತನ್ನ ಎಂಟು ಅಕ್ಷರಗಳನ್ನು ಬರೆದುಕೊಂಡು ಬಂದಿದ್ದ ಗರಿಯನ್ನು ಮೆಲ್ಲಗೆ ಮಂಡಿಯ ಕೆಳಗೆ ಸರಿಸಿದ. ಸರಿಸಿದ್ದು ಗುರುಗಳಿಗೆ ಕಂಡಿರಬಾರದು ಎಂದುಕೊಂಡ. ಕಂಡಿತ್ತು.

“ಬುದ್ಧಿ,” ಎಂದ, “ಆಚಾರಿ ಸಭೆಯಲ್ಲಿ ಗೀರಿದ ಆ ಗರಿ ಏನಾಯಿತು?”

ಗುರುಗಳು ತಾವು ಕೂತಿದ್ದ ಚಾಪೆಯ ಅಂಚನ್ನು ಎತ್ತಿದರು. ಒಂದು ಗರಿ ತೆಗೆದು ಅವನ ಕೈಗಿಟ್ಟರು. ಹಳೆಯದಾಗಿ ಕಂದಿದ ಗರಿ. ಎರಡು ಕಡೆಯೂ ಖಾಲಿ. ತೋಂಟಯ್ಯ ಅದನ್ನು ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ. ಆಮೇಲೆ ಹೆಬ್ಬೆರಳನ್ನು ಅದರ ಮೇಲೆ ಸರಿಸಿದ. ಒಂದು ಕಡೆ ಬೆರಳು ನಿಂತಿತು. ಬಳೆ. ಮುಂದೆ ಗಾಳ. ಅದರ ಮುಂದೆ ಕುಡುಗೋಲು. ಎಲ್ಲಿಯೂ ಹರಿದಿರಲಿಲ್ಲ.

ಅವನು ತಲೆಯೆತ್ತಿ ಗುರುಗಳ ಮುಖ ನೋಡಿದ. ಗುರುಗಳು ನಗುತ್ತಿರಲಿಲ್ಲ.

“ನಾಳೆ ಸಭೆಗೆ ಇದನ್ನೂ ಒಯ್ಯಪ್ಪ,” ಎಂದರು, “ಅಂದು ಮಸಿ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು, ಹಚ್ಚಲು ನನಗೆ ಕೈ ಬರಲಿಲ್ಲ.”